ಮೆಟ್ಟಿಲು ಹತ್ತಲಾರದೆ ಗುಣವಾದವರ ಪರವಾಗಿ

ತಲೆಸುತ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಜನರೇಟರ್ ಕೋಣೆಗೂ ಮುರಿದ ಮಂಚಗಳನ್ನು ಪೇರಿಸಿಟ್ಟ ಉಗ್ರಾಣಕ್ಕೂ ನಡುವೆ ಕುಳಿತು, ತಮ್ಮಂಥ ಮಹನೀಯರ ಸಂಶೋಧನೆಗಳಿಗೆ ಲೆಕ್ಕ ಹಾಕಿಕೊಡುವ ಸಂಖ್ಯಾಶಾಸ್ತ್ರಜ್ಞೆ ನಾನು, ಐದನೆಯ ಮಹಡಿಯಲ್ಲಿರುವ ತಮಗೆ ಕತ್ತೆತ್ತಿ ಸಲ್ಲಿಸುವ ನಮಸ್ಕಾರಗಳು. ಇದೇ ವಿಷಯವಾಗಿ ಹಿಂದೆ ಬರೆದ ಪತ್ರಗಳು ತಮ್ಮ ಮೇಜಿನವರೆಗೂ ಏರಲಾರದೆ ಎಲ್ಲೋ ಸುಸ್ತಾಗಿ ಕುಳಿತಿರಬೇಕೆಂಬ ಅನುಮಾನದಿಂದ, ಈ ಬಾರಿ ಕೆಟ್ಟುನಿಂತ ಲಿಫ್ಟಿನ ಪಕ್ಕದ ಸೂಚನಾ ಫಲಕದಲ್ಲೇ ಅಂಟಿಸುತ್ತಿದ್ದೇನೆ. ಈ ಆಸ್ಪತ್ರೆಯಲ್ಲಿ ಜನ ನಿಂತು ಓದುವ ಜಾಗ ಅದೊಂದೇ.

ಮೊದಲಿಗೆ ಅಭಿನಂದನೆಗಳು. ತಲೆಸುತ್ತಿಗೆ ತಾವು ಪರೀಕ್ಷಿಸಿದ ಹೊಸ ಮಾತ್ರೆ ಅಮೋಘವಾಗಿ ಗೆದ್ದಿದೆಯೆಂದೂ, ಬರುವ ಶುಕ್ರವಾರ ದೊಡ್ಡ ಸಭಾಂಗಣದಲ್ಲಿ ತಾವು ಅದನ್ನು ಘೋಷಿಸುವಿರೆಂದೂ, ಸೋಮವಾರದಿಂದ ತಲೆ ಸುತ್ತುತ್ತದೆಂದು ಬಂದ ಪ್ರತಿಯೊಬ್ಬರಿಗೂ ಮೊದಲು ಅದನ್ನೇ ಬರೆದುಕೊಡುವಿರೆಂದೂ ತಿಳಿದು, ಸಂತೋಷಪಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಆಗಲಿಲ್ಲ. ಏಕೆಂದರೆ ಆ ಗೆಲುವಿನ ಲೆಕ್ಕ ನನ್ನ ಕೋಣೆಯ ಮೂಲಕವೇ ಹಾದುಹೋಗಬೇಕಿತ್ತು, ಮತ್ತು ಅದು ಹಾದುಹೋದ ರೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವೈದ್ಯರೂ ಲೆಕ್ಕದವರೂ ಕೈಜೋಡಿಸಿ ಸಂಶೋಧನೆ ಮಾಡಬೇಕೆಂದು ಪ್ರತಿ ಭಾಷಣದಲ್ಲೂ ತಾವು ಅಪ್ಪಣೆ ಕೊಡಿಸುತ್ತೀರಿ. ಆ ಕೈಜೋಡಣೆ ನಡೆದದ್ದು ಹೀಗೆ: ರೋಗಿಗಳನ್ನು ಆರಿಸಿ, ಮಾತ್ರೆ ಕೊಟ್ಟು, ಫಲಿತಾಂಶ ಬರೆದು, ಪ್ರಬಂಧದ ಕೊನೆಯ ಸಾಲನ್ನೂ ಮುಗಿಸಿದ ಮೇಲೆ, ತಾವು ಒಂದು ಸಂಜೆ ನನ್ನ ಬಾಗಿಲಿಗೆ ಬಂದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು, "ಮೇಡಂ, ಎಲ್ಲಾ ಆಗಿದೆ, ಇದಕ್ಕೊಂದು ಪಿ ವ್ಯಾಲ್ಯೂ ಹಾಕ್ಕೊಡಿ, ಬೆಳಿಗ್ಗೆ ಕಳಿಸ್ಬೇಕು" ಎಂದಿರಿ. ಫಲಿತಾಂಶ ಬರೀ ಅದೃಷ್ಟದಾಟವೋ ಅಲ್ಲವೋ ಎಂದು ತೂಗಿನೋಡುವ ಆ ಸಂಖ್ಯೆಯನ್ನು, ಸಾರು ಕುದಿದ ಮೇಲೆ ಚಿಟಿಕೆ ಉಪ್ಪು ಕೇಳುವವರಂತೆ ತಾವು ಕೇಳಿದ ಸರಳತೆಗೆ ನಾನು ಬೆರಗಾದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ತಾವು ಅದಕ್ಕೆ ಬಣ್ಣವನ್ನೂ ಬಳಿದು ಕೊಡಲು ಹೇಳಿದಿರಿ.

ಆದರೂ ಕೂತು ನೋಡಿದೆ. ಅರ್ಧದಷ್ಟು ರೋಗಿಗಳಿಗೆ ಮಾತ್ರೆ, ಇನ್ನರ್ಧಕ್ಕೆ ಕತ್ತು ತಿರುಗಿಸುವ ವ್ಯಾಯಾಮ. ತಿಂಗಳು ಕಳೆದ ಮೇಲೆ ಎಲ್ಲರೂ ತಮ್ಮ ಐದನೆಯ ಮಹಡಿಗೆ ಬಂದು ಹೇಗಿದ್ದೇವೆಂದು ಹೇಳಬೇಕು. ವ್ಯಾಯಾಮದವರು ಕಂಬಿ ಹಿಡಿದು, ಏದುಸಿರು ಬಿಡುತ್ತ, ಪಾಪ, ಹತ್ತಿ ಬಂದರು. ಬಂದು "ಪರವಾಗಿಲ್ಲ ಡಾಕ್ಟ್ರೇ, ಒಂಚೂರು ಇದೆ" ಎಂದು ಸತ್ಯ ಹೇಳಿದರು. ಆ ತಪ್ಪಿಗಾಗಿ ಅವರೆಲ್ಲ 'ಗುಣವಾಗಿಲ್ಲ' ಎಂಬ ಪಟ್ಟಿಗೆ ಬಿದ್ದರು. ಮಾತ್ರೆಯವರಲ್ಲಿ ಬಹುಪಾಲು ಜನ ಬರಲೇ ಇಲ್ಲ. ಅವರ ಮುಂದಿನ ಖಾಲಿ ಜಾಗಗಳಲ್ಲೆಲ್ಲ ತಾವು 'ಗುಣಮುಖ' ಎಂದು ತುಂಬಿಸಿ, ಮೇಲೆ ಹಸಿರು ಬಣ್ಣವನ್ನೂ ಹಚ್ಚಿಸಿದ್ದೀರಿ. ಏಕೆಂದು ಕೇಳಿದ್ದಕ್ಕೆ ತಾವು ಮುಗುಳ್ನಕ್ಕು ಕೊಟ್ಟ ಉತ್ತರವನ್ನು ನಾನು ಸಾಯುವತನಕ ಮರೆಯಲಾರೆ: "ವಾಸಿಯಾದೋರು ಯಾಕ್ರೀ ಬರ್ತಾರೆ ಆಸ್ಪತ್ರೆಗೆ?"

ಎಂಥ ಮಾತು ಮಾನ್ಯರೇ! ಲಿಫ್ಟು ಕೆಟ್ಟ ಕಟ್ಟಡದ ಐದನೆಯ ಮಹಡಿಯಲ್ಲಿ ತಲೆಸುತ್ತಿನ ವಿಭಾಗವನ್ನಿಟ್ಟು, ತಲೆ ನೆಟ್ಟಗಿದ್ದು ಹತ್ತಿ ಬಂದವರನ್ನು 'ಇನ್ನೂ ಕಾಯಿಲೆಯವರು' ಎಂದೂ, ತಲೆ ತಿರುಗಿ ಹತ್ತಲಾರದೆ ಹೋದವರನ್ನು 'ಗುಣವಾದವರು' ಎಂದೂ ಎಣಿಸುವ ವಿಧಾನ ನನ್ನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಈ ಲೆಕ್ಕದ ಪ್ರಕಾರ ಮಾತ್ರೆ ಎಷ್ಟು ಕೆಟ್ಟದ್ದೋ ಅಷ್ಟು ಒಳ್ಳೆಯದು. ಇದನ್ನು ಉಳಿದ ವಿಭಾಗಗಳಿಗೂ ವಿಸ್ತರಿಸಬೇಕೆಂದು ಕಳಕಳಿಯ ವಿನಂತಿ. ಮೂಳೆ ವಿಭಾಗವನ್ನು ಚಾವಣಿಗೆ ಸಾಗಿಸಿದರೆ ಸಂಜೆಯೊಳಗೆ ಊರಲ್ಲಿ ಕುಂಟುವವರೇ ಇರುವುದಿಲ್ಲ. ಇನ್ನು ಶವಾಗಾರದ ಸಾಧನೆಯನ್ನಂತೂ ಯಾರೂ ಮುರಿಯಲಾರರು; ಅಲ್ಲಿಂದ ಇವತ್ತಿನವರೆಗೆ ಒಬ್ಬರೂ ದೂರು ಹೇಳಿಕೊಂಡು ಮರಳಿ ಬಂದಿಲ್ಲ.

ಇಲ್ಲೊಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಈ ಪ್ರಕರಣದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ತಮ್ಮ ಹಸಿರು ಸಾಲುಗಳಲ್ಲೊಂದು ನನ್ನ ಸೋದರತ್ತೆಯದು. ತಾಯಿಯಿಲ್ಲದ ನನ್ನನ್ನು ಸಾಕಿದವಳು, ಈಗ ನನ್ನ ಜೊತೆಯಲ್ಲೇ ಇರುವವಳು. ಮಾತ್ರೆ ತಿಂದ ಎರಡನೆಯ ವಾರಕ್ಕೆ ಅವಳ ತಲೆ ಮೊದಲಿಗಿಂತ ಜೋರಾಗಿ ಸುತ್ತತೊಡಗಿ, ತಿಂಗಳು ತುಂಬಿದ ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದವಳು ಹಿಡಿದಂತೆಯೇ ಅಡುಗೆಮನೆಯ ನೆಲಕ್ಕೆ ಬಿದ್ದಳು. ಮುರಿದ ಮಣಿಕಟ್ಟಿಗೆ ಇದೇ ಆಸ್ಪತ್ರೆಯ ನೆಲಮಹಡಿಯಲ್ಲಿ ಪಟ್ಟಿ ಹಾಕುತ್ತಿದ್ದ ದಿನವೇ, ಐದನೆಯ ಮಹಡಿಯಲ್ಲಿ ಅವಳು ತಲೆಸುತ್ತಿನಿಂದ ಸಂಪೂರ್ಣ ಗುಣಮುಖಳಾದಳು. ಈ ಶುಭವಾರ್ತೆಯನ್ನು ನಾನು ತಿಳಿಸಿದಾಗ ಅತ್ತೆ ಪಟ್ಟಿ ಸುತ್ತಿದ ಕೈಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಅಯ್ಯೋ, ಹೌದೇನೇ? ನೋಡು, ನಂಗೊಂದು ಮಾತೂ ಹೇಳ್ದೆ ವಾಸಿ ಮಾಡ್ಬಿಟ್ಟಿದಾರೆ!" ಎಂದಳು. ಆಮೇಲೆ ನಗು ನಿಲ್ಲಿಸಿ, "ಬೇರೆಯೋರೂ ಬಿದ್ದಿರ್ತಾರಲ್ವೇನೇ?" ಎಂದಳು.

ನನ್ನ ಪ್ರಶ್ನೆಯೂ ಅದೇ. ತಲೆಸುತ್ತು ವಾಸಿಯಾದ್ದರಿಂದ ಬಾರದವರು ಯಾರು, ನೆಲ ಹಿಡಿದದ್ದರಿಂದ ಬಾರದವರು ಯಾರು ಎಂದು ತಿಳಿಯಲು ಬೇಕಾಗಿರುವುದು ಒಂದು ಟೆಲಿಫೋನು ಮತ್ತು ಅದನ್ನು ಎತ್ತುವ ಮನಸ್ಸು. ಬಾರದವರಿಗೆಲ್ಲ ಕರೆ ಮಾಡಿ "ಹೇಗಿದ್ದೀರಿ" ಎಂದು ಕೇಳಿಸಿ, ಆಮೇಲೆ ಬೇಕಾದ ಲೆಕ್ಕ ನಾನೇ ಹಾಕಿಕೊಡುತ್ತೇನೆ ಎಂದು ಬೇಡಿಕೊಂಡೆ. ಇರುವ ಫಲಿತಾಂಶವನ್ನು ಕೆದಕಿದರೆ ಇಲ್ಲದ ತಾಪತ್ರಯವೆಂದಿರಿ. ಅತ್ತೆಯ ವಿಷಯ ಹೇಳಿದರೆ, "ವಯಸ್ಸಾದೋರು ಬೀಳ್ತಾರೆ ಬಿಡಿ" ಎಂದಿರಿ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲು ಮುರಿದುಕೊಂಡು ನಮ್ಮ ಮನೆಯಲ್ಲಿ ಮಲಗಿದೆ. ನನಗೆ ಸಿಟ್ಟು ಬಂದದ್ದು ಆಗ, ಮಾನ್ಯರೇ, ಮತ್ತು ಈ ಪತ್ರದ ವಿನಯವೆಲ್ಲ ಆ ಸಿಟ್ಟಿನ ಮೇಲೆ ಹೊದಿಸಿದ ಮೇಜುಬಟ್ಟೆ ಎಂದು ತಮಗೂ ತಿಳಿದಿರಲಿ.

ಪ್ರಬಂಧದಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಸೇರಿಸಿ, 'ಲೆಕ್ಕವನ್ನು ತಜ್ಞರು ಪರಿಶೀಲಿಸಿದ್ದಾರೆ' ಎಂದು ಬರೆದಿರುವ ಔದಾರ್ಯಕ್ಕೆ ಕೃತಜ್ಞೆ. ದಯವಿಟ್ಟು ಅದನ್ನು ತೆಗೆದುಹಾಕಿ. ನನ್ನ ಹೆಸರು ಅಲ್ಲೇ ಇರಬೇಕೆಂದು ತಮಗೆ ಅಷ್ಟೊಂದು ಅಕ್ಕರೆಯಿದ್ದರೆ, ಈ ಕೆಳಗಿನ ಸಣ್ಣಪುಟ್ಟ ಕೋರಿಕೆಗಳಲ್ಲಿ ಒಂದನ್ನಾದರೂ ಈಡೇರಿಸಿಕೊಡಬೇಕು: ಭೂಮಿ ತಿರುಗುವುದನ್ನು ತಿಂಗಳ ಮಟ್ಟಿಗೆ ನಿಲ್ಲಿಸುವುದು, ಅಥವಾ ತಾವೇ ಆ ಮಾತ್ರೆಯನ್ನು ಎರಡು ವಾರ ನುಂಗಿ, ಹಾಲಿನ ಪಾತ್ರೆ ಹಿಡಿದು ಐದು ಮಹಡಿ ಹತ್ತಿ ತೋರಿಸುವುದು, ಅದೂ ಕಷ್ಟವಾದರೆ ಆ ಫೋನು ಮಾಡಿಸುವುದು. ಮೂರರಲ್ಲಿ ಮೂರನೆಯದೇ ತಮಗೆ ಅಸಾಧ್ಯವೆಂದು ಕಾಣುತ್ತಿರುವುದು ನನ್ನನ್ನು ದಿಗಿಲುಗೊಳಿಸಿದೆ. ಸೋಮವಾರ ಬೆಳಿಗ್ಗೆ ತಲೆ ಹಿಡಿದುಕೊಂಡು ಬರುವವರಿಗೆ ನನ್ನ ಹೆಸರಿನ ಭರವಸೆಯ ಮೇಲೆ ಆ ಮಾತ್ರೆ ಕೊಡುತ್ತೀರಿ. ಅವರಲ್ಲಿ ಬೀಳುವ ಮೊದಲನೆಯವರಿಗೆ ನಾನು ಏನೆಂದು ಉತ್ತರ ಹೇಳಲಿ?

ಮಾತು ಒಂದೆರಡು ಹೆಚ್ಚಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನೆಲಮಾಳಿಗೆಯಲ್ಲಿ ಕೂತವರಿಗೆ ಮೇಲಿನವರ ಎತ್ತರ ಸರಿಯಾಗಿ ಅಂದಾಜಾಗುವುದಿಲ್ಲ.

ಶುಕ್ರವಾರದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ನೆಲಮಾಳಿಗೆಯ ಲೆಕ್ಕದವಳು

ತಾ.ಕ.: ನನ್ನ ಅತ್ತೆಗೆ ಪಕ್ಕದಲ್ಲಿ ಕೂತವರ ಊರು, ಮನೆ, ಮಕ್ಕಳು ಎಲ್ಲ ವಿಚಾರಿಸಿ ಫೋನ್ ನಂಬರ್ ತೆಗೆದುಕೊಳ್ಳದೆ ಎದ್ದು ಬಂದು ಗೊತ್ತಿಲ್ಲ. ತಮ್ಮ ವಿಭಾಗದ ಹೊರಗಿನ ಬೆಂಚಿನಲ್ಲಿ ಮೊದಲ ದಿನ ಕಾದು ಕೂತಾಗಲೂ ಅದೇ ಕೆಲಸ ಮಾಡಿದ್ದಳಂತೆ. ತಾವು ಮಾಡಿಸದ ಕರೆಗಳನ್ನು ಅವಳು ನಿನ್ನೆಯಿಂದ ಎಡಗೈಯಲ್ಲಿ ಮಾಡುತ್ತಿದ್ದಾಳೆ. ಬೆಂಚಿನ ಗೆಳತಿಯರಲ್ಲಿ ಮಾತ್ರೆ ತಿಂದವರ ಪೈಕಿ ಒಬ್ಬಾಕೆಗೆ ನಿಜವಾಗಿಯೂ ವಾಸಿಯಾಗಿದೆ, ತಮಗೆ ಧನ್ಯವಾದ ಹೇಳಿದ್ದಾರೆ. ಉಳಿದವರು ಗೋಡೆ ಹಿಡಿದು ನಡೆಯುತ್ತಿದ್ದಾರೆ. ಶುಕ್ರವಾರದ ಸಭಾಂಗಣ ನೆಲಮಹಡಿಯಲ್ಲೇ ಇದೆಯೆಂದು ತಿಳಿದು ಅವರಿಗೆಲ್ಲ ಬಹಳ ಖುಷಿಯಾಗಿದೆ. ತಾವು ಗುಣಪಡಿಸಿದವರು ಒಟ್ಟಿಗೇ ಬರುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಹಿಡಿದುಕೊಳ್ಳಲು ಕೈಗಳಿರುವ ಕುರ್ಚಿಗಳನ್ನು ಹಾಕಿಸಿಡಿ.