ಮಂದಹಾಸದ ಹನ್ನೆರಡನೆಯ ರಕ್ಕಸ

"ಈ ದೀಪಾವಳಿ ಒಳಗೆ ಅನ್ನೆರಡು ರಕ್ಕಸರನ್ನೂ ಮನೆಗ್ ತಂದು ಸಾಲಾಗಿ ನಿಲ್ಲಿಸ್ದೆ ಇದ್ರೆ ನನ್ ಹೆಸರು ಪ್ರಭುಸ್ವಾಮಿನೇ ಅಲ್ಲ" ಎಂದು ಕೊಳ್ಳೇಗಾಲದ ಪ್ರಭುಸ್ವಾಮಿ ಬಚ್ಚಲಿನ ಬಾಗಿಲಲ್ಲಿ ನಿಂತು ಘೋಷಿಸಿದಾಗ ಅವನ ಬಾಯಿ ತುಂಬ ಹಲ್ಲುಪುಡಿಯ ನೊರೆಯಿತ್ತು. ಹಾಗಾಗಿ ಅಡುಗೆಮನೆಯಲ್ಲಿದ್ದ ಹೆಂಡತಿ ಯಶೋದಳಿಗೆ ಕೇಳಿಸಿದ್ದು 'ದೀಪಾವಳಿ' ಮತ್ತು 'ಮನೆಗ್ ತಂದು' ಎಂಬೆರಡು ಮಾತು ಮಾತ್ರ.

"ತಂದ್ರೆ ಹಸ್ರು ಬಣ್ಣದ್ದು ತನ್ನಿ. ಕೆಂಪು ಸೀರೆ ಇದ್ದಾವೆ" ಎಂದಳು ಅವಳು.

ಅದು 1991ನೇ ಇಸವಿ. 'ಮಂದಹಾಸ' ಎಂಬ ಹಲ್ಲುಪುಡಿಯ ಕಂಪನಿಯವರು ಪ್ರತಿ ಡಬ್ಬಿಯ ಪುಡಿಯೊಳಗೆ ಹೆಬ್ಬೆರಳುದ್ದದ ಪ್ಲಾಸ್ಟಿಕ್ ರಕ್ಕಸನೊಬ್ಬನನ್ನು ಹೂತಿಟ್ಟು ಮಾರುತ್ತಿದ್ದರು. ಒಟ್ಟು ಹನ್ನೆರಡು ಬಗೆ. ಮಂದಹಾಸದ ಡಬ್ಬಿಯಲ್ಲಿ ಅಟ್ಟಹಾಸದ ಮಂದಿ! ಗೊಂಬೆಯ ಆಸೆಗಾದರೂ ಮಕ್ಕಳು ಹಲ್ಲುಜ್ಜಲಿ ಎಂಬುದು ಕಂಪನಿಯವರ ಉದ್ದೇಶ. ಪ್ರಭುಸ್ವಾಮಿ ಮಗುವೇನಲ್ಲ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಕಿವಿಯ ಬಳಿ ಕೂದಲು ನೆರೆತವನು. ಆದರೆ ಮೊದಲ ಡಬ್ಬಿಯ ಮುಚ್ಚಳ ತೆಗೆದು, ಉಫ್ ಎಂದು ಪುಡಿ ಊದಿದಾಗ ಒಳಗಿನಿಂದ ಕರಿಯ ನಿಲುವಂಗಿಯವನೊಬ್ಬ ತಲೆ ಎತ್ತಿದನಲ್ಲ, ಆ ಕ್ಷಣಕ್ಕೆ ಪ್ರಭುಸ್ವಾಮಿ ಹಲ್ಲುಜ್ಜುವುದನ್ನೇ ಮರೆತ. ಸಾಸಿವೆಯಷ್ಟು ಕಣ್ಣು, ಆ ಕಣ್ಣಿಗೊಂದು ರೆಪ್ಪೆ. ಕೋರೆಹಲ್ಲಿನ ತುದಿಗೆ ಒಂದೇ ಒಂದು ತೊಟ್ಟು ಕೆಂಪು. ಯಾವ ಪುಣ್ಯಾತ್ಮ, ಎಂಥ ಕೂದಲೆಳೆಯ ಕುಂಚ ಹಿಡಿದು ಆ ತೊಟ್ಟನ್ನಿಟ್ಟನೋ ಎಂದು ಅವನು ಆ ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನೋಡಿದನೆಂದರೆ ಅಂದು ಕಚೇರಿಗೆ ತಡವಾಯಿತು.

ಇನ್ನೊಂದು ಕಾರಣವೂ ಇತ್ತು. ಪ್ರಭುಸ್ವಾಮಿ ಹಿಂದೆ ಮೈಸೂರಿನಲ್ಲಿ ಕಾಲೇಜಿಗೆಂದು ಸೇರಿ, ಪಾಠಕ್ಕಿಂತ ಹೆಚ್ಚು ಬೆಳಗಿನ ಆಟದ ಇಂಗ್ಲಿಷ್ ಪಿಚ್ಚರುಗಳನ್ನು ನೋಡಿ ಮುಗಿಸಿದವನು. ಪರೀಕ್ಷೆ ಕೈಕೊಟ್ಟರೂ ಭೂತ, ಪ್ರೇತ, ಪಿಶಾಚಿಗಳ ವಿದ್ಯೆ ಕೈಹತ್ತಿತ್ತು. ಯಾವ ಗೊಂಬೆ ಯಾವ ಪಿಚ್ಚರಿನಿಂದ ಇಳಿದು ಬಂದದ್ದು ಎಂದು ಈ ಇಡೀ ತಾಲ್ಲೂಕಿನಲ್ಲಿ ಹೇಳಬಲ್ಲವನು ತಾನೊಬ್ಬನೇ ಎಂಬುದು ಅವನ ದೃಢ ನಂಬಿಕೆ. ಕೇಳುವುದಕ್ಕೆ ಮಾತ್ರ ತಾಯಿ ಮಾದೇವಮ್ಮ ಒಬ್ಬಳೇ ಸಿಗುತ್ತಿದ್ದಳು.

"ಇವನು ರಕ್ತ ಕುಡಿಯೋ ದೊರೆ ಕಣವ್ವ. ಅಗಲೆಲ್ಲ ಪೆಟ್ಟಿಗೇಲಿ ಮಲಗಿರ್ತಾನೆ."

"ಅಗಲೊತ್ತು ಮಲಗಿದ್ರೆ ಮನೆ ಉದ್ದಾರ ಆದದಾ?"

"ಇದು ಈಜಿಪ್ಟ್ ದೇಶದ ರಾಜನ ಎಣ. ಸಾವಿರಾರು ವರ್ಷ ಆದ್ಮೇಲೆ ಎದ್ದು ಓಡಾಡ್ತದೆ."

ಮಾದೇವಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಮರುಗಿದಳು. "ಪಾಪ, ಸುಟ್ಗಾಯ ಆಗಿರ್ಬೇಕು ಕಣ್ಲಾ. ಮೈ ತುಂಬಾ ಬಟ್ಟೆ ಸುತ್ತವ್ರೆ."

"ಇವನು ಉಣ್ಣಿಮೆ ದಿನ ತೋಳ ಆಗೋನು. ನೋಡು, ಮೈಯೆಲ್ಲ ಕೂದ್ಲು."

"ಉಣ್ಣಿಮೆ ದಿನ ಚೌರ ಮಾಡುಸ್ಬಾರ್ದು ಅಂತ ಬುಟ್ಟಿರ್ತಾನೆ."

ಹೀಗೆ ರಕ್ಕಸರು ಒಬ್ಬೊಬ್ಬರಾಗಿ ಬಂದು ಗೋಡೆಯ ಗೂಡಿನಲ್ಲಿ ನೆಲೆಸಿದರು. ಬಂದವರೇ ಮತ್ತೆ ಮತ್ತೆ ಬರತೊಡಗಿದಾಗ ಕಷ್ಟ ಶುರುವಾಯಿತು. ರಕ್ತ ಕುಡಿಯುವ ದೊರೆಗೆ ಮೂವರು ತಮ್ಮಂದಿರಾದರು. ಹಲ್ಲುಪುಡಿಯ ಡಬ್ಬಿಗಳು ಬಚ್ಚಲು ತುಂಬಿ ನಡುಮನೆಗೆ ಇಳಿದವು. ಯಶೋದ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಈ ಮನೇಲಿರೋದು ಮೂರು ಬಾಯಿ. ಇದೇನ್ ಆನೆ ಲಾಯ ಅಲ್ಲ. ಇರೋ ಪುಡಿ ಮುಗಿಯೋಗಂಟ ಇನ್ನೊಂದ್ ಡಬ್ಬಿ ಈ ಒಸ್ಲು ದಾಟ್ಕೂಡ್ದು."

ಪ್ರಭುಸ್ವಾಮಿ ಮಾತು ಉಳಿಸಿಕೊಂಡ. ಅಲ್ಲಿಂದ ಮುಂದೆ ಒಂದು ಡಬ್ಬಿಯೂ ಹೊಸ್ತಿಲು ದಾಟಲಿಲ್ಲ; ಪುಡಿ ಮಾತ್ರ ದಾಟಿತು. ಅಂಗಡಿಯಲ್ಲಿ ಡಬ್ಬಿಗಳನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಸದ್ದು ಹಿತವೆನಿಸಿದ್ದನ್ನು ಕೊಂಡು, ದಾರಿಯಲ್ಲೇ ಬಿಚ್ಚಿ, ಡಬ್ಬಿ ಎಸೆದು, ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ತರುತ್ತಿದ್ದ. ಪುಡಿಯನ್ನೂ ಎಸೆಯಬಹುದಿತ್ತು. ಆದರೆ ಬಿದ್ದ ಅಕ್ಕಿಕಾಳನ್ನು ಆಯ್ದು ಕಣ್ಣಿಗೊತ್ತಿಕೊಳ್ಳುವ ಮಾದೇವಮ್ಮನ ಮಗ ಅವನು. ಉಗ್ರಾಣದಲ್ಲಿ ರಾಗಿ ಮೂಟೆಯ ಹಿಂದೆ ಒಂದು ಹಳೆಯ ಅಲ್ಯೂಮಿನಿಯಂ ಡಬ್ಬವಿತ್ತು. ಅದರೊಳಗೆ ಸುರಿದು ಮುಚ್ಚಿಡುತ್ತಿದ್ದ. ಡಬ್ಬ ತುಂಬುವ ಹೊತ್ತಿಗೆ ಗೂಡಿನಲ್ಲಿ ಹನ್ನೊಂದು ಬಗೆ ಸೇರಿದ್ದವು. ಹನ್ನೆರಡನೆಯದು ಮಾತ್ರ ಸುಳಿವು ಕೊಡಲಿಲ್ಲ.

ಸುಳಿವು ಕೊಟ್ಟವನು ಯಳಂದೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಕಚೇರಿಯ ಜವಾನ ಶಿವಯ್ಯ.

"ನಿಮ್ ಬಾಮೈದ ಸಿದ್ದಮಲ್ಲಪ್ಪ ಅವ್ರ ಬೈಕಿನ ಕೀ ಗೊಂಚಲಲ್ಲಿ ಒಂದು ನೇತಾಡ್ತಿತ್ತು ಸಾ. ಅಂಥದ್ದು ನಿಮ್ಮತ್ರ ಇಲ್ಲ. ಗುಂಡು ಮೈ, ಗಿಡ್ಡ ಕಾಲು, ಬೆನ್ನಲ್ಲಿ ಒಂದು ಗವಿ. ಗವಿ ಒಳಗಿಂದ ಅದೇನೋ ಒಂದು ಇಣುಕಿ ನೋಡ್ತದೆ."

ಪ್ರಭುಸ್ವಾಮಿ ಕೈಯಲ್ಲಿದ್ದ ಕಡತ ಕೆಳಗಿಟ್ಟ. ಬೆನ್ನಲ್ಲಿ ಗವಿ! ನೋಡಿದ ಪಿಚ್ಚರುಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೊಮ್ಮೆ ಓಡಿಸಿದ. ಬೆನ್ನಲ್ಲಿ ಗವಿಯಿದ್ದ ರಕ್ಕಸ ಒಬ್ಬನೂ ನೆನಪಾಗಲಿಲ್ಲ. ಇಂಥದ್ದೂ ಒಂದು ಲೋಕದಲ್ಲಿದೆಯೇ ಎಂಬ ಬೆರಗಿನಲ್ಲಿ ಅವನಿಗೆ ಮಧ್ಯಾಹ್ನದ ಬುತ್ತಿ ಸೇರಲಿಲ್ಲ.

ತೊಡಕೆಂದರೆ, ಯಶೋದಳ ತಮ್ಮ ಸಿದ್ದಮಲ್ಲಪ್ಪನಿಗೂ ಅವನಿಗೂ ಮಾತು ನಿಂತು ಮೂರು ವರ್ಷವಾಗಿತ್ತು. ಹನೂರಿನ ಟೂರಿಂಗ್ ಟಾಕೀಸಿನಲ್ಲಿ ಇಬ್ಬರೂ ಒಂದು ದೆವ್ವದ ಪಿಚ್ಚರಿಗೆ ಹೋಗಿದ್ದರು. ದೆವ್ವ ಮುಂದೆ ಎಲ್ಲಿಂದ ಬರುತ್ತದೆ, ಯಾರ ಕತ್ತು ಹಿಡಿಯುತ್ತದೆ ಎಂದು ಪ್ರಭುಸ್ವಾಮಿ ಒಂದೊಂದನ್ನೂ ಮೊದಲೇ ವಿವರಿಸುತ್ತಿದ್ದ. ಅರ್ಧ ಆಟದ ಹೊತ್ತಿಗೆ ಸಿದ್ದಮಲ್ಲಪ್ಪ, "ಸುಮ್ಕೆ ನೋಡಕ್ ಬುಡಿ ಬಾವ" ಎಂದುಬಿಟ್ಟ. ಸುತ್ತ ಕೂತಿದ್ದವರೆಲ್ಲ ನಕ್ಕರು. ಪ್ರಭುಸ್ವಾಮಿ ಎದ್ದು ಬಂದವನು ಆಮೇಲೆ ಯಳಂದೂರಿನ ಕಡೆ ತಲೆ ಹಾಕಿರಲಿಲ್ಲ. ನಡುವೆ ಸಿಕ್ಕಿಕೊಂಡವಳು ಯಶೋದ. ತಮ್ಮನ ಹೆಸರೆತ್ತಿದರೆ ಗಂಡನ ಮುಖ ಗಂಟಿಕ್ಕುತ್ತಿತ್ತು. ಎತ್ತದಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಅಂದು ಸಂಜೆ ಪ್ರಭುಸ್ವಾಮಿ ಚಪ್ಪಲಿ ಬಿಡುತ್ತ ಹೇಳಿದ: "ಅಬ್ಬಕ್ಕೆ ಮಲ್ಲಪ್ಪನ್ನ ಕರೆಯಾಣ."

ಯಶೋದ ಮೊರ ಕೆಳಗಿಟ್ಟಳು. "ನಿಜವಾಗ್ಲೂವಾ?"

"ಎಷ್ಟ್ ದಿನ ಅಂತ ಇಂಗಿರದು."

ಅವಳ ಕಣ್ಣು ತುಂಬಿತು. "ಅಂತೂ ದೊಡ್ ಮನಸ್ ಮಾಡುದ್ರಿ. ನೀವೇ ಕರೀಬೇಕು ಅಂತ ಮಾದಪ್ಪನಿಗೆ ಅರಕೆ ಕಟ್ಕಂಡಿದ್ದೆ" ಎಂದು ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಪ್ರಭುಸ್ವಾಮಿಗೆ ಎದೆಯಲ್ಲಿ ಮುಳ್ಳು ಚುಚ್ಚಿದಂತಾಯಿತು. ಬೆನ್ನಿನ ಗವಿಯನ್ನು ನೆನೆದ ಮೇಲೆ ನೋವು ಸ್ವಲ್ಪ ಇಳಿಯಿತು.

ಹಬ್ಬದ ದಿನ ಯಶೋದ ತಮ್ಮನಿಗೆ ಇಷ್ಟವೆಂದು ಕಜ್ಜಾಯಕ್ಕಿಟ್ಟಳು. ಸಂಭ್ರಮದಲ್ಲಿ ಬೆಲ್ಲದ ಪಾಕ ಸಡಿಲವಾಯಿತು. ಕುಟ್ಟಿದ್ದ ಅಕ್ಕಿಹಿಟ್ಟೆಲ್ಲ ಮುಗಿದರೂ ಹಿಟ್ಟು ಕೈಗೆ ನಿಲ್ಲಲಿಲ್ಲ. ಉಗ್ರಾಣದಲ್ಲಿ ತಡಕಾಡಿದಾಗ ರಾಗಿ ಮೂಟೆಯ ಹಿಂದೆ ಡಬ್ಬ ಸಿಕ್ಕಿತು. ತುಂಬ ಬಿಳಿಯ ಹಿಟ್ಟು, ಬೆಣ್ಣೆಯಂತೆ ನಯ, ಮೇಲೆ ಘಮಘಮ ವಾಸನೆ. ಅತ್ತೆ ಹಬ್ಬಕ್ಕೆಂದು ಬಟ್ಟೆಯಲ್ಲಿ ಜರಡಿ ಹಿಡಿದು, ಪಚ್ಚಕರ್ಪೂರ ಬೆರೆಸಿಟ್ಟಿದ್ದಾರೆ ಎಂದುಕೊಂಡು ಬೊಗಸೆ ಬೊಗಸೆ ಸುರಿದಳು. ಎಣ್ಣೆಯಲ್ಲಿ ನೊರೆ ಎದ್ದಾಗ ಎಣ್ಣೆ ಹೊಸದೆಂದು ಸಮಾಧಾನ ಮಾಡಿಕೊಂಡಳು. ಜಗಲಿಯಲ್ಲಿ ಕೂತಿದ್ದ ಮಾದೇವಮ್ಮ ಗಾಳಿ ಮೂಸಿ, ತಮ್ಮ ಬರುತ್ತಾನೆಂದು ಸೊಸೆ ಪಚ್ಚಕರ್ಪೂರ ಹಾಕಿದ್ದಾಳೆ ಎಂದುಕೊಂಡಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಕೇಳಲಿಲ್ಲ. ಒಬ್ಬರ ಮೇಲೊಬ್ಬರಿಗೆ ಮನಸ್ಸಿನಲ್ಲೇ ಅಭಿಮಾನ ಮೂಡಿದ ಅಪರೂಪದ ದಿನ ಅದು.

ಸಿದ್ದಮಲ್ಲಪ್ಪ ಬಂದ. ಬಿಳಿಗಿರಿರಂಗನ ಬೆಟ್ಟದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸುವ ಆಳು, ಬಾಗಿಲಿಗೆ ಬಗ್ಗಿಯೇ ಬರಬೇಕು. "ಚೆನ್ನಾಗಿದ್ದೀರಾ ಬಾವ?" ಎಂದು ಬೀಗದಕೈ ಗೊಂಚಲನ್ನು ಅಂಗಿಯ ಜೇಬಿಗಿಳಿಸಿದ. ಜೇಬಿನ ಅಂಚಿನಲ್ಲಿ ಒಂದು ಬಿಳಿಯ ಗಿಡ್ಡ ಕಾಲು ಕಂಡು ಮಾಯವಾಯಿತು. ಪ್ರಭುಸ್ವಾಮಿ ಕ್ಷೇಮ ವಿಚಾರಿಸಿದ್ದೆಲ್ಲ ಆ ಜೇಬನ್ನೇ.

ಊಟಕ್ಕೆ ಕೂತರು. ಯಶೋದ ಮೊದಲು ಕಜ್ಜಾಯ ಬಡಿಸಿದಳು. ಪ್ರಭುಸ್ವಾಮಿ ಕಚ್ಚಿದ. ನಾಲಿಗೆ ಜುಮ್ಮೆಂದಿತು, ಒಸಡು ತಣ್ಣಗಾಯಿತು, ಹಲ್ಲಿನ ಸಂದಿಯಲ್ಲಿ ಲವಂಗ ಕುಣಿಯಿತು. ಈ ರುಚಿ ಅವನಿಗೆ ಹೊಸದಲ್ಲ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಸಿಗುವುದೇ. ಮುಂದೆ ಯಾರ ಕತ್ತು ಸಿಕ್ಕಿಕೊಳ್ಳುತ್ತದೆ ಎಂದು ಈ ಸಲ ಯಾರೂ ವಿವರಿಸಬೇಕಾಗಿರಲಿಲ್ಲ. ಬೆವರುತ್ತ ಪಕ್ಕಕ್ಕೆ ನೋಡಿದ. ಸಿದ್ದಮಲ್ಲಪ್ಪನ ದವಡೆ ಒಂದು ಗಳಿಗೆ ನಿಂತಿತು. ಅವನು ತಲೆ ಎತ್ತಿ ಅಕ್ಕನನ್ನು ನೋಡಿದ. ಅವಳು ತಟ್ಟೆ ಹಿಡಿದು, ಉಸಿರು ಹಿಡಿದು ನಿಂತಿದ್ದಳು.

"ಎಂಗದೆ ಮಲ್ಲಪ್ಪ?"

"ಬಾಯೆಲ್ಲ ತಣ್ಣಗಾಯ್ತದೆ ಅಕ್ಕ. ಇನ್ನೊಂದ್ ಆಕು."

ಎರಡನೆಯದೂ ಹೋಯಿತು. ಮೂರನೆಯದೂ ಹೋಯಿತು. ಮೀಸೆಯ ಅಂಚಿನಲ್ಲಿ ಸಣ್ಣಗೆ ನೊರೆ ಕಾಣಿಸಿಕೊಂಡಿತು. ಕಾಡಿನ ದಾರಿಯಲ್ಲಿ ಒಂಟಿ ಸಲಗ ಎದುರಾದರೂ ಜೀಪು ಹಿಂದಕ್ಕೆ ತೆಗೆಯದವನು ಎಂದು ಜನ ಅವನ ಬಗ್ಗೆ ಹೇಳುತ್ತಿದ್ದುದು ಪ್ರಭುಸ್ವಾಮಿಗೆ ಇದುವರೆಗೆ ಬರೀ ಬಡಾಯಿ ಎನಿಸಿತ್ತು. ಈಗ ಬಾವ ಬಾಯಿ ತೆರೆದು ನೋಡುತ್ತಿದ್ದ. ಗೂಡಿನಲ್ಲಿದ್ದ ಹನ್ನೊಂದು ರಕ್ಕಸರಲ್ಲಿ ಒಬ್ಬನಿಗೂ ಈ ತಾಕತ್ತಿಲ್ಲ. ಸಿದ್ದಮಲ್ಲಪ್ಪ ನಾಲ್ಕನೆಯದಕ್ಕೆ ಕೈ ಚಾಚಿದಾಗ ಪ್ರಭುಸ್ವಾಮಿಗೆ ತಡೆಯಲಾಗಲಿಲ್ಲ. ಅವನ ಮಣಿಕಟ್ಟು ಹಿಡಿದುಕೊಂಡ.

"ಬ್ಯಾಡ ಮಲ್ಲಪ್ಪ. ಅದು ಅಲ್ಲುಪುಡಿ."

ಆಮೇಲೆ ಎಲ್ಲವೂ ಹೊರಬಂತು. ಡಬ್ಬ ಬಂತು, ಡಬ್ಬದ ಹಿಂದಿನ ಕತೆ ಬಂತು, ಕತೆಯ ಬಾಲ ಹಿಡಿದುಕೊಂಡು ಹಬ್ಬಕ್ಕೆ ಕರೆದ ಕಾರಣವೂ ಬಂತು. ಯಶೋದ ಗೋಡೆಗೊರಗಿ ಕುಳಿತಳು.

"ಅಂಗಾರೆ ನನ್ ತಮ್ಮನ್ನ ಕರ್ಸಿದ್ದು ಗೊಂಬೆಗೆ" ಎಂದಳು ಮೆಲ್ಲಗೆ. ಅವಳು ಕೂಗಾಡಿದ್ದರೆ ಪ್ರಭುಸ್ವಾಮಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಎಲೆಯ ಮೇಲಿನ ಉಪ್ಪನ್ನು ನೋಡುತ್ತ ಕೂತ.

ಸಿದ್ದಮಲ್ಲಪ್ಪ ಒಂದು ಚೊಂಬು ನೀರು ಕುಡಿದು ಮೀಸೆ ಒರೆಸಿಕೊಂಡ. "ನಂಗೆ ಮೊದಲ್ನೇ ತುತ್ತಿಗೇ ಗೊತ್ತಾಯ್ತು ಬುಡಕ್ಕ. ನಮ್ಮನೇಲೂ ಅದೇ ಪುಡಿ."

"ಮತ್ಯಾಕ್ಲಾ ಮೂರು ತಿಂದೆ?"

"ಮೂರ್ ವರ್ಷ ಆದ್ಮೇಲೆ ನೀನು ಕೈಯ್ಯಾರೆ ಬಡಿಸ್ತಿದ್ದೆ. ಯೋಳಕ್ಕೆ ಬಾಯಿ ಬರ್ನಿಲ್ಲ." ಅವನು ಸ್ವಲ್ಪ ಯೋಚಿಸಿ ಸೇರಿಸಿದ, "ಬಾಯ್ ಬುಟ್ಟಿದ್ರೂ ನೊರೆನೇ ಬತ್ತಿತ್ತು."

ಯಶೋದ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಭುಜ ಕುಲುಕಿದ ಬಗೆ ನೋಡಿದ ಮೇಲೆ ನಗುವೆಂದು ಗೊತ್ತಾಯಿತು. ಎರಡೂ ಇದ್ದಿರಬಹುದು.

ಅನ್ನ ಸಾರಿನ ಊಟ ಮುಗಿದ ಮೇಲೆ ಸಿದ್ದಮಲ್ಲಪ್ಪ ಗೊಂಚಲಿನಿಂದ ಗೊಂಬೆ ಬಿಚ್ಚಿ ಬಾವನ ಕೈಗಿಟ್ಟ. "ಒಂದ್ ಮಾತು ಯೋಳ್ ಕಳ್ಸಿದ್ರೆ ಯಾವಾಗ್ಲೋ ಕಳಿಸ್ಬುಡ್ತಿದ್ದೆ. ಇದು ಯಾವ ಪಿಚ್ಚರ್ದು ಅಂತ ನಂಗೆ ಗೊತ್ತಾಗ್ನೇ ಇಲ್ಲ. ನೀವೇ ಯೋಳ್ಬೇಕು ಬಾವ."

ಪ್ರಭುಸ್ವಾಮಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ದಂತದಂಥ ಬಿಳಿ ಮೈ. ದಪ್ಪ ಗಿಡ್ಡ ಕಾಲುಗಳು. ಮೇಲೆ ಕಪ್ಪು ಗವಿ, ಗವಿಯಿಂದ ಇಣುಕುವ ಎರಡು ಕಣ್ಣಿನ ಸಣ್ಣ ತಲೆ. ಹನ್ನೊಂದು ಮಂದಿಯ ನಡುವೆ ಜಾಗ ಮಾಡಿ ಅದನ್ನು ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಬೆರಗಿನಿಂದ ತಗ್ಗಿದ ದನಿಯಲ್ಲಿ ಶುರು ಮಾಡಿದ: ಇದು ಜಪಾನು ದೇಶದ ಪಿಚ್ಚರಿನದೇ ಇರಬೇಕು, ಬಾಂಬು ಬಿದ್ದ ಕಡಲಿನ ತಳದಿಂದ ಎದ್ದು ಬರುವ ಜೀವ, ಊರೂರನ್ನೇ ತುಳಿಯುತ್ತದೆ, ಬೆನ್ನಿನ ಗವಿಯಲ್ಲಿರುವುದು ಅದರ ಮರಿ, ಮರಿಗೆ ಪೆಟ್ಟಾದರೆ ತಾಯಿ ಕೆರಳುತ್ತದೆ. ಸಿದ್ದಮಲ್ಲಪ್ಪ ಒಂದು ಸಲವೂ ಬಾಯಿ ಹಾಕದೆ ಕೇಳಿದ. ಯಶೋದಳೂ ಬಂದು ಬಾಗಿಲಲ್ಲಿ ನಿಂತು ಕೇಳಿದಳು. ಪ್ರಭುಸ್ವಾಮಿಯ ಜೀವಮಾನದಲ್ಲಿ ಅವನ ಮಾತಿಗೆ ಅಷ್ಟು ನಿಶ್ಶಬ್ದ ಹಿಂದೆಂದೂ ಸಿಕ್ಕಿರಲಿಲ್ಲ.

ಮಾದೇವಮ್ಮ ಎದ್ದು ಬಂದು ಗೂಡಿನಿಂದ ಆ ಗೊಂಬೆಯನ್ನು ತೆಗೆದುಕೊಂಡಳು. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ದವ್ಡೆ ಅಲ್ಲು ಕಣ್ಲಾ ಇದು. ಉಳ ತಿಂದದೆ" ಎಂದವಳೇ, ತುಟಿಯ ಅಂಚನ್ನು ಬೆರಳಿನಿಂದ ಹಿಗ್ಗಿಸಿ, ಬಾಯಿ ಅಗಲಿಸಿ ಮಗನ ಮುಂದೆ ಬಗ್ಗಿದಳು. "ನೋಡು, ಇಲ್ಲೂ ಒಂದದೆ. ಇದು ಯಾವ ಪಿಚ್ಚರ್ದು, ಅದ್ನೂ ಯೋಳ್ಬುಡು ಮಗ."