ಹಸಿವು ಕೇಳುವ ವಾಲ್ವು

“ಭಾವ, ಇನ್ಮೇಲೆ ಇಡ್ಲಿಗೆ ಆವಿ ಬಿಡೋಕೆ ನಿಮ್ಮ ಕೈ ಬೇಡ. ತಿನ್ನೋರ ಹೊಟ್ಟೆನೇ ಬಿಟ್ಕೊಳ್ಳುತ್ತೆ,” ಎಂದು ನನ್ನ ಭಾಮೈದ ಮರಿಲಿಂಗ ನಮ್ಮ ಮೆಸ್ಸಿನ ಅಡುಗೆಮನೆಯಲ್ಲಿ ಎದೆಯುಬ್ಬಿಸಿ ನಿಂತ.

ಬಾಯ್ಲರಿನಿಂದ ಇಡ್ಲಿ ಪೆಟ್ಟಿಗೆಗೆ ಹೋಗುವ ಪೈಪಿನ ನಡುವೆ ಹೊಸ ವಾಲ್ವೊಂದು ಕೂತಿತ್ತು. ಗಾತ್ರದಲ್ಲಿ ಸೀಗುಂಬಳಕಾಯಿ. ಅದನ್ನು ತೆರೆದು ಮುಚ್ಚಲು ತಲೆಯ ಮೇಲೆ ನಿಂಬೆಹಣ್ಣಿನಷ್ಟು ಮೋಟಾರು. ಅದಕ್ಕೆ ಆಕ್ಚುಯೇಟರ್ ಎನ್ನಬೇಕಂತೆ. ಮೋಟಾರು ಎಂದರೆ ಮರಿಲಿಂಗ ಮುನಿಸಿಕೊಳ್ಳುತ್ತಾನೆ. ಅದರಿಂದ ಹೊರಟ ತಂತಿ ಊಟದ ಹಾಲ್‌ನ ಗೋಡೆಗೆ ಹೋಗಿ, ಅಲ್ಲೊಂದು ತಗಡಿನ ಕಿವಿಗೆ ಸೇರಿತ್ತು. ಕೂತವರ ಹೊಟ್ಟೆಯಿಂದ ಹೊರಡುವ ಹಸಿವಿನ ಅಲೆಗಳನ್ನು ಆ ಕಿವಿ ಹಿಡಿಯುತ್ತದೆ. ಹಸಿವು ಎಷ್ಟೋ ವಾಲ್ವು ಅಷ್ಟು ತೆರೆಯಬೇಕು. ಎರಡನ್ನೂ ಸರಿದೂಗಿಸುವುದೇ ಯಂತ್ರದ ಕೆಲಸ.

“ಇಷ್ಟು ದೊಡ್ಡ ವಾಲ್ವು ಯಾಕಪ್ಪ? ನಮ್ಮದು ಒಂದೇ ಇಡ್ಲಿ ಪೆಟ್ಟಿಗೆ,” ಎಂದೆ.

“ಅಂಗಡಿಯವನೂ ಅದನ್ನೇ ಅಂದ ಭಾವ. ಎಷ್ಟು ಆವಿ ಬೇಕು, ಒತ್ತಡ ಎಷ್ಟು, ಲೆಕ್ಕ ಹಾಕಿ ತಗೋ ಅಂದ. ನಾನೇ ದೊಡ್ಡದು ಕೊಡು ಅಂದೆ. ಮೆಸ್ಸು ಬೆಳೆಯೋದಿಲ್ವಾ?”

ಇದರಲ್ಲಿ ಅವನ ತಪ್ಪಿಲ್ಲ, ಇದು ನನ್ನ ಹೆಂಡತಿಯ ತವರಿನ ರೂಢಿ. ಆ ಮನೆಯಲ್ಲಿ ಅಳತೆಗೆ ಸರಿಯಾದದ್ದನ್ನು ಯಾರೂ ಕೊಂಡವರಲ್ಲ. ಮದುವೆಯಲ್ಲಿ ನನಗೆ ಹೊಲಿಸಿದ ಕೋಟಿನಲ್ಲಿ ನನ್ನ ಜೊತೆ ಪುರೋಹಿತರೂ ಹಿಡಿಸುತ್ತಿದ್ದರು. ಬೆಳೀತಾರೆ ಬಿಡಿ ಅಂದಿದ್ದರು ತವರಿನವರು. ಆಗ ನನಗೆ ಮೂವತ್ತು ದಾಟಿತ್ತು.

“ಮತ್ತೆ ಮೋಟಾರು ಯಾಕೆ ಇಷ್ಟು ಚಿಕ್ಕದು?”

“ಆಕ್ಚುಯೇಟರ್,” ಎಂದು ತಿದ್ದಿದ. “ಅದು ಬುದ್ಧಿಯಿಂದ ಕೆಲಸ ಮಾಡೋದು ಭಾವ. ಬುದ್ಧಿವಂತರಿಗೆ ಮೈ ಯಾಕೆ?”

ನನ್ನ ಹೆಂಡತಿ ದಾಕ್ಷಾಯಿಣಿ ಸೌಟು ಹಿಡಿದೇ ಬಂದಳು. “ಲೋ ಮರಿಲಿಂಗ, ಕರೆಂಟು ಹೋದ್ರೆ ಏನ್ಲಾ ಗತಿ?”

“ತಾನಾಗೇ ಪೂರ್ತಿ ತೆರ್ಕೊಳ್ಳುತ್ತಕ್ಕ. ಮುಚ್ಕೊಳ್ಳೋ ಥರಾನೂ ಮಾಡಬಹುದಿತ್ತು. ಆದ್ರೆ ಅನ್ನ ಹಾಕೋ ಮನೇಲಿ ಹಸಿದು ಬಂದವರ ಮುಂದೆ ಬಾಗಿಲು ಹಾಕೋದು ಚೆನ್ನಾಗಿರುತ್ತಾ ಹೇಳು?”

ದಾಕ್ಷಾಯಿಣಿಯ ಕಣ್ಣು ತುಂಬಿತು. ತಮ್ಮ ಇಷ್ಟು ದೊಡ್ಡ ಮನಸ್ಸಿನವನು ಎಂದು ಅವಳಿಗೆ ಹೆಮ್ಮೆ. ನನ್ನ ಹೊಟ್ಟೆ ಮಾತ್ರ ಗುರ್ ಎಂದಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವೇ ಇರಬೇಕು.

ಕಿವಿ ಅದನ್ನು ಗೋಡೆಯಾಚೆಯಿಂದಲೇ ಕೇಳಿಸಿಕೊಂಡಿತು. ವಾಲ್ವು ಕೂದಲೆಳೆಯಷ್ಟು ತೆರೆಯಿತು, ಅಷ್ಟೇ. ಆ ಹೊಟ್ಟೆಬಾಕ ವಾಲ್ವಿಗೆ ಕೂದಲೆಳೆಯಾದದ್ದು ನಮಗೆ ಆವಿಯ ಹೊಳೆ. ಪೆಟ್ಟಿಗೆಯ ಬಾಗಿಲು ಕಿತ್ತುಹೋಗಿ, ಇಡ್ಲಿಗಳು ಸಾಲಾಗಿ ಹಾರಿ ಸೂರಿಗೆ ಅಂಟಿಕೊಂಡವು. ಹೆದರಿಕೆಗೆ ನನ್ನ ಹಸಿವು ಓಡಿಹೋಯಿತು, ವಾಲ್ವು ಢಬ್ ಎಂದು ಮುಚ್ಚಿತು. ಉಸಿರು ಬಂತು, ಹಸಿವೂ ಬಂತು, ಮತ್ತೆ ಭುಸ್. ಹೆದರಿದೆ, ಢಬ್. ದಾಕ್ಷಾಯಿಣಿ ನನ್ನ ಬಾಯಿಗೆ ಬಾಳೆಹಣ್ಣು ತುರುಕಿದ ಮೇಲೆಯೇ ಅದು ನಿಂತದ್ದು.

“ಹೊಸದಲ್ವಾ, ಸ್ವಲ್ಪ ನಾಚ್ಕೊಳ್ತಿದೆ,” ಎಂದ ಮರಿಲಿಂಗ.

“ನಾಳೆ ಹೊತ್ತಿಗೆ ನಾಚ್ಕೆ ಬಿಡಿಸು,” ಎಂದಳು ಅವನಕ್ಕ.

ಆ ನಾಳೆಯ ಮೇಲೆಯೇ ನಮ್ಮ ಪ್ರಾಣ ನಿಂತಿತ್ತು. ನಂಜನಗೂಡಿನ ಕೈಗಾರಿಕಾ ಬಡಾವಣೆಯ ಬಿಸ್ಕತ್ ಕಾರ್ಖಾನೆಯ ತಿಂಡಿಯ ಗುತ್ತಿಗೆ ಸಿಕ್ಕರೆ ಮೆಸ್ಸು ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುವುದೇ. ರುಚಿ ನೋಡಲು ಬರುವವರು ಮ್ಯಾನೇಜರ್ ಕಪನಯ್ಯನವರು. ಬಡಾವಣೆಯ ಮೆಸ್ಸುಗಳೆಲ್ಲ ಅವರ ಮುಂದೆ ಸೋತಿದ್ದವು. ಪಾಪ, ವರ್ಷಗಟ್ಟಲೆ ಬಿಸ್ಕತ್ತಿನ ವಾಸನೆ ಕುಡಿದು ಅವರಿಗೆ ಹಸಿವೆನ್ನುವುದೇ ಸತ್ತುಹೋಗಿತ್ತು. ಯಾರೇನು ಬಡಿಸಿದರೂ ಎಲೆಯನ್ನು ನೋಡಿ, ನಿಟ್ಟುಸಿರು ಬಿಟ್ಟು, ಕೈ ತೊಳೆದು ಹೋಗುವವರು.

ಬೆಳಿಗ್ಗೆ ಬಂದರು. ಬಡಕಲು ಶರೀರ, ಸಪ್ಪೆ ಮುಖ. ತಗಡಿನ ಕಿವಿಯ ಕೆಳಗೇ ಕೂತರು. ನಾವು ಮೂವರೂ ಜಾಗ್ರತೆಯಾಗಿ ಮೊದಲೇ ಹೊಟ್ಟೆ ತುಂಬಿಸಿಕೊಂಡಿದ್ದೆವು. ಊಟದ ಹಾಲ್‌ನಲ್ಲಿ ಹಸಿವಿನ ಸುಳಿವೇ ಇಲ್ಲ. ವಾಲ್ವು ಮಲಗಿಬಿಟ್ಟಿತು. ಪೆಟ್ಟಿಗೆಯಲ್ಲಿ ಹಿಟ್ಟು ಹಿಟ್ಟಾಗಿಯೇ ಉಳಿಯಿತು.

“ಸ್ವಲ್ಪ ಹಸಿವು ಮಾಡ್ಕೊಳ್ಳಿ ಸ್ವಾಮಿ, ಇಡ್ಲಿ ಬೇಯಬೇಕು,” ಎಂದೆ ನಾನು, ಕೈ ಜೋಡಿಸಿ.

“ಅದು ಬರೋ ಹಾಗಿದ್ರೆ ಇಷ್ಟೊಂದು ಮೆಸ್ಸು ಯಾಕ್ರೀ ಸುತ್ತುತ್ತಿದ್ದೆ?” ಎಂದರು ಬೇಸರದಿಂದ. “ಮಕ್ಕಳು ಆತುರಾತುರವಾಗಿ ತಿನ್ನೋದನ್ನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ ನನಗೆ.”

ಅವರು ಏಳಲು ಹೊರಟರು. ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಕರೆಂಟು ಹೋಯಿತು.

ಮರಿಲಿಂಗನ ದೊಡ್ಡ ಮನಸ್ಸು ಪೂರ್ತಿ ತೆರೆದುಕೊಂಡಿತು.

ಆ ಆವಿಯಲ್ಲಿ ಇಡೀ ಬಡಾವಣೆಗೆ ಇಡ್ಲಿ ಬೇಯಿಸಬಹುದಿತ್ತು. ತಟ್ಟೆಯ ಗುಳಿಗಳೆಲ್ಲ ತುಂಬಿ, ಇಡ್ಲಿಗಳು ಒಂದಕ್ಕೊಂದು ಕೂಡಿ, ಹಾಸಿಗೆಯಷ್ಟು ದೊಡ್ಡ ಇಡ್ಲಿಯೊಂದು ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ನಮ್ಮ ತಗಡಿನ ಮಾಡು ಕುದಿಯುವ ಪಾತ್ರೆಯ ಮುಚ್ಚಳದಂತೆ ಎದ್ದೆದ್ದು ಕೂರತೊಡಗಿತು.

“ಮುಚ್ಚೋ ಅದನ್ನ!” ಎಂದು ಕೂಗಿದಳು ದಾಕ್ಷಾಯಿಣಿ.

“ಕರೆಂಟು ಬರಲಿ ಅಕ್ಕ, ತಾನೇ ಮುಚ್ಚುತ್ತೆ!”

ಕರೆಂಟು ಬಂತು. ನಿಂಬೆಹಣ್ಣಿನಂಥ ಮೋಟಾರು ತಿಣುಕಿತು, ಕೆಂಪಾಯಿತು. ಅಷ್ಟು ದೊಡ್ಡ ವಾಲ್ವನ್ನು ಅಷ್ಟು ಒತ್ತಡದೆದುರು ತಳ್ಳಲು ಅದರ ಕೈಯಲ್ಲಿ ಎಲ್ಲಿ ಆಗಬೇಕು? ಆದರೆ ಬುದ್ಧಿವಂತ ನೋಡಿ, ಸುಮ್ಮನೆ ಕೂರಲಿಲ್ಲ. ಹಸಿವನ್ನೂ ವಾಲ್ವನ್ನೂ ಸರಿದೂಗಿಸಬೇಕು. ವಾಲ್ವು ಜಗ್ಗುತ್ತಿಲ್ಲ. ಹಾಗಾದರೆ ಹಸಿವನ್ನೇ ವಾಲ್ವಿನ ಅಳತೆಗೆ ಏರಿಸಿದರಾಯಿತು. ಅಲ್ಲಿಯವರೆಗೆ ಕೇಳುತ್ತಿದ್ದ ಕಿವಿ ಹೇಳತೊಡಗಿತು. ಸಾವಿರ ಜನರ ಹಸಿವು ಊಟದ ಹಾಲ್‌ನೊಳಗೆ ಸುರಿಯಿತು.

ಬಾಯ್ಲರಿನ ಬೆಂಕಿ ಆರಿಸಲು ದಾಕ್ಷಾಯಿಣಿಯ ಜೊತೆ ಹಿತ್ತಿಲ ಬಾಗಿಲಿಂದ ಅಡುಗೆಮನೆಗೆ ಓಡಿದ ನಾನು ದಾರಿಯಲ್ಲಿ ಕರಿಬೇವಿನ ಕಟ್ಟೊಂದನ್ನು ಕಡ್ಡಿಸಮೇತ ತಿಂದೆ. ಮರಿಲಿಂಗ ಬೆಲ್ಲದ ಅಚ್ಚಿಗೆ ಬಾಯಿ ಹಾಕಿದ್ದ. ರಸ್ತೆಯಲ್ಲಿ ಹೋಗುತ್ತಿದ್ದವರು ಒಳಗೆ ನುಗ್ಗಿ ಬಾಳೆ ಎಲೆಗಳನ್ನು ಖಾಲಿಯಾಗಿಯೇ ತಿನ್ನುತ್ತಿದ್ದರು.

ಬೆಂಕಿ ಆರಿಸಿ ತಿರುಗುವಷ್ಟರಲ್ಲಿ ಆವಿ ತಗ್ಗಿತ್ತು. ಕಪನಯ್ಯನವರು ನೇರವಾಗಿ ಕಿವಿಯ ಬುಡದಲ್ಲೇ ಕೂತಿದ್ದವರು. ಸುರಿದ ಹಸಿವಿನಲ್ಲಿ ಮುಕ್ಕಾಲು ಪಾಲು ಅವರ ಮೇಲೇ ಬಿದ್ದಿತ್ತು. ಬಾಗಿಲಲ್ಲಿ ಸಿಕ್ಕಿಕೊಂಡ ಇಡ್ಲಿಯನ್ನು ಎರಡೂ ಕೈಯಲ್ಲಿ ಬಗೆಯುತ್ತ, ಆ ಕಡೆಯಿಂದ ಈ ಕಡೆಗೆ ದಾರಿ ಮಾಡಿಕೊಂಡು ಅಡುಗೆಮನೆಗೆ ಬಂದರು. ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತು.

“ಅಮ್ಮಾ, ಹಸಿವಾಗ್ತಿದೆ,” ಎಂದರು ದಾಕ್ಷಾಯಿಣಿಗೆ, ಶಾಲೆಯಿಂದ ಬಂದ ಮಗುವಿನ ಹಾಗೆ.

ದಾಕ್ಷಾಯಿಣಿ ಚಟ್ನಿಯ ಪಾತ್ರೆಯನ್ನೇ ಅವರ ಮುಂದಿಟ್ಟಳು. ಅವರು ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಗುತ್ತಿಗೆಗೆ ಸಹಿ ಹಾಕಿದರು.

ಯಂತ್ರವನ್ನು ಅದೇ ದಿನ ಕಳಚಿಸಿದೆವು. ಬೇರೆಯವರ ಹಸಿವು ಸಂಜೆಗೆ ಇಳಿಯಿತು, ಕಪನಯ್ಯನವರದು ಇಳಿಯಲಿಲ್ಲ. ಕಾರ್ಖಾನೆಯ ತಿಂಡಿ ಈಗ ನಮ್ಮದೇ. ದಿನಾ ಬೆಳಿಗ್ಗೆ ಮ್ಯಾನೇಜರೇ ಬಂದು ಕೂರುತ್ತಾರೆ, ಬೆಂದದ್ದನ್ನೆಲ್ಲ ಒಬ್ಬರೇ ತಿನ್ನುತ್ತಾರೆ, ಆಮೇಲೆ ಕಾರ್ಖಾನೆಗೆ ತಿಂಡಿ ಯಾಕೆ ಬಂದಿಲ್ಲ ಎಂದು ನಮ್ಮನ್ನೇ ಗದರಿಸುತ್ತಾರೆ.