ವಿಮಾನಕ್ಕೊಂದು ದೃಷ್ಟಿ ಬೊಟ್ಟು

ಬಣ್ಣ ಹೊಡೆಯುವವನು ಎಷ್ಟೇ ಎಚ್ಚರದಿಂದಿರಲಿ, ನಡುನಡುವೆ ಶಿವ ಬಂದು ಒಂದು ನಗೆ ನಕ್ಕು ಹೋಗುತ್ತಾನೆ. ಇದು ನನ್ನ ಅನುಭವ. ಶಿಕಾರಿಪುರದಲ್ಲಿ ನನ್ನದೊಂದು ಪೇಂಟಿಂಗ್ ಶೆಡ್ಡು. ಟ್ರ್ಯಾಕ್ಟರು, ಟ್ರೇಲರು, ಲಾರಿ, ಎಲ್ಲಕ್ಕೂ ಬಣ್ಣ ಕೊಟ್ಟಿದ್ದೇನೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಸ್ಪ್ರೇ ಗನ್ನು ಹಿಡಿದರೆ ಕೈ ತಪ್ಪುವುದಿಲ್ಲ ಅನ್ನುವ ಧೈರ್ಯ ನನಗೆ.

ಒಂದು ದಿನ ಸೊರಬದಿಂದ ಒಬ್ಬ ಮೇಷ್ಟ್ರು ಬಂದರು. ಐಟಿಐನಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತರಾದವರು. "ನಂದೊಂದು ವಿಮಾನ ಇದೆ, ಬಣ್ಣ ಆಗಬೇಕಿತ್ತು" ಅಂದರು, ಸ್ಕೂಟರ್ ಇದೆ ಅನ್ನುವ ಹಾಗೆ. ಹೋಗಿ ನೋಡಿದರೆ ನಿಜ! ಅವರ ಮನೆಯ ಪಕ್ಕದ, ಮುಚ್ಚಿಹೋದ ಅಕ್ಕಿ ಗಿರಣಿಯೊಳಗೆ, ಅಲ್ಯೂಮಿನಿಯಂ ತಗಡಿಗೆ ತಾವೇ ರಿವೆಟ್ ಹೊಡೆದು ಕಟ್ಟಿದ ಎರಡು ಸೀಟಿನ ವಿಮಾನ ನಿಂತಿತ್ತು. ಬಣ್ಣ ಮುಗಿದ ಮೇಲೆ ತಪಾಸಣೆಯ ಸಾಹೇಬರು ಬಂದು ಸೈ ಅಂದರಷ್ಟೇ ಅದು ಹಾರಬಹುದು.

"ಅಲ್ಯೂಮಿನಿಯಂ ಮೇಲೆ ಬಣ್ಣ ನಿಲ್ಲಲ್ಲ ಮಾರಾಯ. ನಿನ್ನ ಹೆಸರೂ ಅದರ ಜೊತೆ ಸಿಪ್ಪೆ ಏಳುತ್ತೆ ನೋಡು" ಅಂದ ನನ್ನ ಪಕ್ಕದ ವೆಲ್ಡಿಂಗ್ ಅಂಗಡಿಯವನು.

"ನಿಲ್ಲಿಸೋನು ಮೇಲಿದ್ದಾನೆ" ಅಂದು ಕೆಲಸ ಒಪ್ಪಿಕೊಂಡೆ.

ಪುಟ್ಟಿ ಮೆತ್ತುವ ಅಭ್ಯಾಸ

ಮೊದಲ ದಿನವೇ ನಾನು ಪುಟ್ಟಿ ಡಬ್ಬಿ ಬಿಚ್ಚಿದೆ. ತಗ್ಗು ಕಂಡಲ್ಲಿ ಪುಟ್ಟಿ ಮೆತ್ತಿ ಉಜ್ಜಿ ನುಣುಪು ಮಾಡುವುದು ನಮ್ಮ ಕಸುಬು. ವಿಮಾನದ ಮೈತುಂಬ ರಿವೆಟ್ಟಿನ ತಲೆಗಳು, ನನ್ನ ಕೈ ಸುಮ್ಮನಿರುತ್ತದೆಯೇ? ಒಂದು ರೆಕ್ಕೆಯ ಅಂಚಿಗೆ ಧಾರಾಳವಾಗಿ ಮೆತ್ತಿಯೇಬಿಟ್ಟೆ.

ಮೇಷ್ಟ್ರು ಓಡಿ ಬಂದರು. "ಏನ್ರೀ ಇದು? ಭಾರ ಆಗಲ್ವೇನ್ರೀ?"

"ಭಾರ ಆದ್ರೆ ಏನಾಯ್ತು ಸಾರ್? ಎಷ್ಟೋ ಟ್ರ್ಯಾಕ್ಟರಿಗೆ ಹೀಗೇ ಮಾಡಿದೀನಿ, ಒಂದೂ ದೂರು ಬಂದಿಲ್ಲ."

"ಸರಿ, ಮೆತ್ತಿ. ಆಮೇಲೆ ಇದಕ್ಕೂ ನೇಗಿಲು ಕಟ್ಟೋಣ."

ಮಡಿಯಲ್ಲಿದ್ದ ವಿಮಾನ

ತಗಡನ್ನು ಉಜ್ಜಿ ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಕೂಡದು. ಬೆರಳಿನ ಜಿಡ್ಡು ತಾಗಿದ ಜಾಗದಲ್ಲಿ ಪ್ರೈಮರ್ ಹಿಡಿಯುವುದಿಲ್ಲ. ಆದರೆ ನಮ್ಮ ಜನ ಹೊಸ ವಾಹನ ಕಂಡರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಹೋಗುತ್ತಾರೆಯೇ? ಆಚೆಯೂರು ಕುಬಟೂರಿನಿಂದಲೂ ಜನ ಬಂದು ಬಂದು ಒತ್ತಿಕೊಂಡರು. ನಾನು ಮತ್ತೆ ಮತ್ತೆ ತೊಳೆದೆ. "ಜಿಡ್ಡು" ಅಂದರೆ "ಕೈ ತೊಳ್ಕಂಡೇ ಬಂದೀವಲ್ರೀ" ಅಂತ ಮುನಿಸು.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. "ಅಮ್ಮಾ, ವಿಮಾನ ಮಡಿಯಲ್ಲಿದೆ" ಅಂದೆ. ಅಷ್ಟೇ! ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ದೂರದಿಂದಲೇ ಕೈಮುಗಿದು ಹೋಗತೊಡಗಿದರು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮರುದಿನ ಗಿರಣಿಗೆ ಬಂದರೆ ವಿಮಾನದ ಮುಂದೆ ರಂಗೋಲಿ, ದಾಸವಾಳ, ಊದಿನಕಡ್ಡಿ. ಅದರ ಪಕ್ಕ, ಕಿಡಿ ತಾಗಿದರೆ ಭಗ್ಗೆನ್ನುವ ನನ್ನ ಥಿನ್ನರ್ ಡಬ್ಬಕ್ಕೆ ಒರಗಿದ ಹಾಗೆ, ಉರಿಯುತ್ತಿರುವ ನಂದಾದೀಪ! ಮೇಷ್ಟ್ರು ದೀಪ ಎತ್ತಿಕೊಂಡು ಅಂಗಳಕ್ಕೆ ಓಡಿದರು, ನಾನು ಡಬ್ಬ ಎತ್ತಿಕೊಂಡು ಹಿತ್ತಲಿಗೆ ಓಡಿದೆ.

ವಾಪಸ್ ಬಂದು ಏದುಸಿರು ಬಿಡುತ್ತಾ ಮೇಷ್ಟ್ರು ಹೇಳಿದರು: "ಮುಟ್ಟಿಕೊಂಡಿದ್ದರೇ ವಾಸಿಯಿತ್ತು ಕಣ್ರೀ."

ಬಲಗಡೆಯ ದೇವರು

ಬಿಳಿ ಬಣ್ಣ ಹೊಡೆಯುವ ದಿನ ಸೆಕೆಯೋ ಸೆಕೆ. ಬಲ ರೆಕ್ಕೆಯ ಮೇಲೆ ಬಗ್ಗಿದಾಗ ನನ್ನ ಹಣೆಯ ವಿಭೂತಿ ಪುಡಿಪುಡಿಯಾಗಿ ಹಸಿ ಬಣ್ಣದ ಮೇಲೆ ಉದುರಿತು. ಬಿಳಿಯ ಮೇಲೆ ಬಿಳಿ, ಯಾರಿಗೂ ಕಾಣದು. ಆದರೆ ಒಣಗಿದ ಮೇಲೆ ಮೇಷ್ಟ್ರ ಬೆರಳಿಗೆ ಸಿಕ್ಕಿಯೇ ಸಿಕ್ಕಿತು.

"ಇಲ್ಲೇನ್ರೀ ತರಿತರಿ?"

"ವಿಭೂತಿ ಸಾರ್. ತಾನಾಗಿ ಬಂದು ಕೂತಿದೆ. ಉಜ್ಜಿ ತೆಗೆಯೋಕೆ ನನಗೆ ಮನಸ್ಸು ಬರಲ್ಲ. ಇರಲಿ ಬಿಡಿ, ಕಾಪಾಡುತ್ತೆ."

ಮೇಷ್ಟ್ರು ಗಡ್ಡ ಕೆರೆದುಕೊಂಡರು. "ಬಲಗಡೆ ಮಾತ್ರ ದೇವರಿದ್ದರೆ ವಿಮಾನ ವಾಲುತ್ತೆ. ಒಂದೋ ಎಡಕ್ಕೂ ಅಷ್ಟೇ ತೂಗಿ ಹಾಕಿ, ಇಲ್ಲಾ ತೆಗೀರಿ."

ದೇವರನ್ನು ತೂಗುವ ತಕ್ಕಡಿ ನನ್ನ ಹತ್ತಿರ ಎಲ್ಲಿಂದ ಬರಬೇಕು? ಕ್ಷಮೆ ಕೇಳಿ ಉಜ್ಜಿದೆ. ಅಂದಿನಿಂದ ಗನ್ನು ಹಿಡಿದಾಗೆಲ್ಲ ಹಣೆಗೆ ಬಟ್ಟೆ.

ಸಾಹೇಬರು ಹುಡುಕಿದ ಎಣ್ಣೆ

ಕೊನೆಗೆ ಸಾಹೇಬರು ಬಂದೇಬಿಟ್ಟರು. ಧೂಳು ಹೊತ್ತ, ನಾಲ್ಕೂ ಕಡೆ ನಗ್ಗಿದ ಅವರ ಸ್ವಂತ ಕಾರು ಗಿರಣಿಯ ಮುಂದೆ ನಿಂತಿತು. ಇಳಿದವರೇ ರೆಕ್ಕೆಗೆ ಟೇಪು ಅಂಟಿಸಿ ಸರ್ರನೆ ಕಿತ್ತರು. ನಾನು ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಿಕೊಂಡೆ. ಟೇಪು ಬಂತು, ಬಣ್ಣ ಬರಲಿಲ್ಲ.

ಆಮೇಲೆ ಅವರು ವಿಮಾನದ ಮೂತಿಯ ಹತ್ತಿರ ನಿಂತುಬಿಟ್ಟರು. ಅಚ್ಚ ಬಿಳಿಯ ಮೇಲೆ ಒಂದು ಕಪ್ಪು ಚುಕ್ಕೆ.

"ಎಂಜಿನ್ ಎಣ್ಣೆ ಸೋರ್ತಿದೆ."

ಸಾಹೇಬರು ಚುಕ್ಕೆಯನ್ನು ಒರೆಸಿ, ಎಂಜಿನ್ನಿನ ಮುಚ್ಚಳ ತೆಗೆಸಿ ನೋಡಿದರು. ಎಲ್ಲೂ ಎಣ್ಣೆಯಿಲ್ಲ. ಮುಚ್ಚಳ ಹಾಕಿ, ಮನೆಯೊಳಗೆ ಕಾಫಿ ಕುಡಿದು ಬಂದರೆ ಅದೇ ಜಾಗದಲ್ಲಿ ಅದೇ ಚುಕ್ಕೆ!

"ಈಗ ತಾನೇ ಒರೆಸಿದ್ದೆನಲ್ರೀ!" ಬೆರಳಲ್ಲಿ ತಿಕ್ಕಿ ಮೂಸಿದರು. "ಹರಳೆಣ್ಣೆ! ಇದನ್ನ ನಮ್ಮ ತಾತನ ಕಾಲದ ವಿಮಾನಕ್ಕೆ ಹಾಕ್ತಿದ್ರು. ನೀವೇನು ಹಾಕಿದೀರಿ ಮೇಷ್ಟ್ರೇ?"

ಮುಚ್ಚಳ ಮತ್ತೆ ಬಿಚ್ಚಿತು. ಈ ಸಲ ಟಾರ್ಚು ಹಾಕಿ ಒಂದೊಂದು ಕೊಳವೆಯನ್ನೂ ಅಲ್ಲಾಡಿಸಿ ನೋಡಿದರು. ಎಣ್ಣೆ ಸಿಗಲಿಲ್ಲ. ಆದರೆ ಪೆಟ್ರೋಲ್ ಕೊಳವೆಯ ಒಂದು ಕ್ಲಿಪ್ಪು ಸಡಿಲವಾಗಿದ್ದದ್ದು ಸಿಕ್ಕಿತು. ಮೇಷ್ಟ್ರು ಅಲ್ಲೇ ಬಿಗಿ ಮಾಡಿದರು. ಮೇಲೆ ಹೋದ ಮೇಲೆ ಅದು ಕಳಚಿದ್ದರೆ?

ಅಷ್ಟರಲ್ಲಿ ಮೇಷ್ಟ್ರ ತಾಯಿ, ಹಣ್ಣುಹಣ್ಣು ಅಜ್ಜಿ, ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆಯ ಡಬ್ಬಿ ಹಿಡಿದು ಬಂದರು.

"ಯಾರ್ರೋ ಅದು, ನಾನಿಟ್ಟ ದೃಷ್ಟಿ ಬೊಟ್ಟನ್ನ ಮತ್ತೆ ಒರೆಸಿದೋರು? ಇಷ್ಟು ಚೆಂದ ಬಣ್ಣ ಆಗೈತಿ, ಊರ ಕಣ್ಣು ತಾಗಲಿ ಅಂತಲಾ?"

ಸಾಹೇಬರು ತಮ್ಮ ಕಪ್ಪು ಬೆರಳನ್ನು ನೋಡಿಕೊಂಡರು, ಅಜ್ಜಿಯ ಡಬ್ಬಿ ನೋಡಿದರು, ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಸೈ ಅಂದರು. ಬೊಟ್ಟು ಇನ್ನು ಅಳಿಯದ ಹಾಗೆ ನಾನೇ ಕಪ್ಪು ಬಣ್ಣದಲ್ಲಿ ತಿದ್ದಿದೆ. ಮೇಷ್ಟ್ರು ಈ ಸಲ ಅದರ ತೂಕ ಕೇಳಲಿಲ್ಲ.

ಹೊರಡುವಾಗ ಸಾಹೇಬರು ಸಂಕೋಚದಿಂದ, "ಅಜ್ಜೀ, ನನ್ನ ಕಾರಿಗೂ ಒಂದು ಬೊಟ್ಟು ಇಡ್ತೀರಾ?" ಅಂದರು.

ಅಜ್ಜಿ ಬಾಗಿಲಿಗೆ ಬಂದು, ಕಾರಿಗೆ ಒಂದು ಸುತ್ತು ಹಾಕಿ ನೋಡಿ, ಕಾಡಿಗೆ ಡಬ್ಬಿ ಮುಚ್ಚಿದರು.

"ಅದಕ್ಕೆ ಬ್ಯಾಡ ಬಿಡಪ್ಪ. ಅದನ್ನ ಯಾರ ಕಣ್ಣೂ ಮುಟ್ಟಲ್ಲ."

ಶಿವನ ದಯೆ ದೊಡ್ಡದು. ಆ ಕಾರು ಈಗ ನನ್ನ ಶೆಡ್ಡಿನಲ್ಲಿದೆ. ಬಣ್ಣ ಮುಗಿದ ಮೇಲೆ ಅಜ್ಜಿಗೆ ತೋರಿಸಿ, ಬೊಟ್ಟು ಇಡಿಸಿಕೊಂಡೇ ಒಯ್ಯುತ್ತೇನೆ ಅಂತ ಸಾಹೇಬರು ಹಟ ಹಿಡಿದಿದ್ದಾರೆ.